ಸ್ಪಷ್ಟನೆ: ಗೇಟಿನೊಳಗಿನ ಪೇವರ್‌ಗೆ ಚದರಡಿಗೆ 45 ರೂಪಾಯಿ ಸಾಕೇ?

‘ಚದರಡಿಗೆ 45 ರೂಪಾಯಿಯಲ್ಲಿ ಕಾರು ನಿಲ್ಲಿಸುವ ಅಂಗಳ ರೆಡಿ, ಅಡಿಯಲ್ಲಿ ಏನೂ ಬೇಡ, ಮಳೆನೀರೆಲ್ಲ ಅಲ್ಲೇ ಇಂಗುತ್ತದೆ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಮನೆ ಕಟ್ಟುವವರು ದಯವಿಟ್ಟು ಇದನ್ನು ನಂಬಿ ಲೆಕ್ಕ ಹಾಕಬೇಡಿ.

ಆ ದರ ಬರೀ ಪೇವರ್ ಬ್ಲಾಕಿನದು, ಅಂದರೆ ನೆಲಕ್ಕೆ ಜೋಡಿಸುವ ಕಾಂಕ್ರೀಟ್ ಬಿಲ್ಲೆಯದು. 10x20 ಅಡಿ ಜಾಗಕ್ಕೆ ಬ್ಲಾಕಿಗೆ 9,000 ರೂಪಾಯಿ ಆಯಿತು, ಸರಿ. ಆದರೆ ಮಣ್ಣು ಅಗೆದು, 6 ಇಂಚು ಜಲ್ಲಿ ಹಾಸಿ ದಮ್ಮಸ್ಸು ಮಾಡಬೇಕು. ಅದಕ್ಕೇ 100 ಘನ ಅಡಿ ಜಲ್ಲಿ ಬೇಕು; ಕುಟ್ಟಿದಾಗ ಇಳಿಯುವುದರಿಂದ ತರಿಸುವಾಗ ಇನ್ನೂ ಹೆಚ್ಚು. ಮೇಲೆ ಒಂದೂವರೆ ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಅಂಚಿಗೆ ಕರ್ಬ್ ಕಲ್ಲು, ಕೂಲಿ, ಸಾಗಾಟ. ಅಂಚು ಕಟ್ಟದಿದ್ದರೆ ಬ್ಲಾಕುಗಳು ಪಕ್ಕಕ್ಕೆ ಸರಿಯುತ್ತವೆ. ತಳ ಗಟ್ಟಿಯಿಲ್ಲದಿದ್ದರೆ ಚಕ್ರದ ಜಾಡಿನಲ್ಲೇ ಕುಸಿಯುತ್ತವೆ. ಎರೆಮಣ್ಣಿನ ಊರುಗಳಲ್ಲಂತೂ ತಳದಲ್ಲಿ ಜಿಪುಣತನ ಬೇಡವೇ ಬೇಡ, ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ.

ಇಂಗುವ ಮಾತೂ ಅರ್ಧ ಸತ್ಯ. ಸಾಮಾನ್ಯ ಪೇವರ್ ಗಟ್ಟಿ ಕಾಂಕ್ರೀಟೇ. ನೀರು ಇಳಿಯುವುದು ಸಂದಿಯಲ್ಲಿ ಮಾತ್ರ. ಇದೇ ಅಂಗಳದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 186 ಲೀಟರ್ ನೀರು. 10 ಅಡಿಗೆ 2 ಇಂಚಿನಷ್ಟು ವಾಟ (ಇಳಿಜಾರು) ಕೊಟ್ಟು ಅದನ್ನು ಇಂಗುಗುಂಡಿಗೆ ತಿರುಗಿಸಿ. ನಿಜವಾಗಿ ಇಂಗಲೇಬೇಕೆಂದರೆ ಹುಲ್ಲು ಬೆಳೆಯುವ ತೂತಿನ ಪೇವರ್ ಒಳ್ಳೆಯದು.

ಕಾರಿಗಾದರೆ ನನ್ನ ಆಯ್ಕೆ 60 ಮಿಲಿಮೀಟರ್ ದಪ್ಪದ ಬ್ಲಾಕು. ಕಾಂಕ್ರೀಟಿಗಿಂತ ಇದರ ದೊಡ್ಡ ಅನುಕೂಲ: ಪೈಪು ಒಡೆದರೆ ಎತ್ತಿ ಮತ್ತೆ ಜೋಡಿಸಬಹುದು. ಮೇಸ್ತ್ರಿಯ ಹತ್ತಿರ ದರ ಕೇಳುವಾಗ ‘ತಳ, ಅಂಚು, ಕೂಲಿ ಸೇರಿ ಎಷ್ಟು?’ ಎಂದೇ ಕೇಳಿ, ಬರೆಸಿಕೊಳ್ಳಿ.