42 ಡಿಗ್ರಿಯ ವಿಮರ್ಶೆ

ಪ್ಲೇಸ್ಟೇಷನ್ 5 ಎಂಬ ಗೇಮ್ ಕನ್ಸೋಲಿನ ಕೈಪಿಡಿ ಹೇಳುವ ಪ್ರಕಾರ ಆ ಯಂತ್ರ 5ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಕೆಲಸ ಮಾಡಬೇಕು. ಐಫೋನಿನದೂ ಹೆಚ್ಚುಕಡಿಮೆ ಇದೇ ಮಾತು, 0ಯಿಂದ 35. ಈ ಲೆಕ್ಕ ಹಿಡಿದರೆ ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ ಗೇಮ್ ಆಡುವುದೇ ಕೈಪಿಡಿಗೆ ವಿರುದ್ಧ. 42 ದಾಟುವುದು ಇಲ್ಲಿ ಸುದ್ದಿಯಲ್ಲ. ಸರ್ಕಾರಕ್ಕೂ ಇದು ಗೊತ್ತು, ಅದಕ್ಕೇ ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಗುಮಾಸ್ತರು ಮನೆಗೆ ಬಂದು ಕೂಲರ್ ಮುಂದೆ ಅಡ್ಡಾಗುವ ಹೊತ್ತಿಗೆ ಸರಿಯಾಗಿ ಮಕ್ಕಳು ಲ್ಯಾಪ್‌ಟಾಪ್ ತೆರೆಯುತ್ತಾರೆ. ಯಂತ್ರಕ್ಕೆ ಮಾತ್ರ ಬೇಸಿಗೆ ವೇಳಾಪಟ್ಟಿ ಇಲ್ಲ.

ಹಾಗಾಗಿ ಗೇಮ್ ಇರಲಿ, ಕಾದಂಬರಿ ಇರಲಿ, ಕಾಮಿಕ್ಸ್ ಇರಲಿ, ಈ ಕಡೆಯ ವಿಮರ್ಶೆಯ ಅಳತೆಗೋಲೇ ಬೇರೆ. ಕಥೆ ಚಲೋ ಅದನೋ ಇಲ್ಲೋ ಎಂಬುದು ಆಮೇಲಿನ ಮಾತು. ಮೊದಲು ಮಾಲು ಮೇ ತಿಂಗಳು ದಾಟಬೇಕು.

ಲ್ಯಾಪ್‌ಟಾಪಿನ ಪ್ರೊಸೆಸರ್ 95-100 ಡಿಗ್ರಿ ಮುಟ್ಟಿದರೆ ತನ್ನಷ್ಟಕ್ಕೆ ವೇಗ ಇಳಿಸಿಕೊಳ್ಳುತ್ತದೆ. ಬಿಸಿ ಎಷ್ಟು ಹೊರಗೆ ಹೋಗುತ್ತದೆ ಎಂಬುದು ಚಿಪ್ಪಿಗೂ ಕೋಣೆಗೂ ಇರುವ ಉಷ್ಣಾಂಶದ ಅಂತರದ ಮೇಲೆ ನಿಂತಿದೆ. ಚಿಪ್ಪು 95, ಕೋಣೆ 25 ಇದ್ದರೆ ಅಂತರ 70. ಕೋಣೆ 42 ಆದರೆ ಬರೀ 53. ಅದೇ ಫ್ಯಾನು, ಅದೇ ತಾಮ್ರದ ಕೊಳವೆ, ಹೊರಹೋಗುವ ಬಿಸಿ ಮಾತ್ರ ಕಾಲುಭಾಗ ಕಡಿಮೆ. ಬೆಂಗಳೂರಿನಲ್ಲಿ ಕುಳಿತು 'ಈ ಗೇಮ್ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ನುಣ್ಣಗೆ ಓಡುತ್ತದೆ' ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅವರ ಕೋಣೆ ಬೇರೆ. ಇಲ್ಲಿ ಅದೇ ಗೇಮಿನ ನಾಯಕ ಮಧ್ಯಾಹ್ನ ಮೂರಕ್ಕೆ ಓಡುವುದನ್ನು ಬಿಟ್ಟು ಹೆಜ್ಜೆ ಎಣಿಸಿ ನಡೆಯುತ್ತಾನೆ. ಅವನದೂ ತಪ್ಪಿಲ್ಲ. ಆ ಹೊತ್ತಿನಲ್ಲಿ ಊರಿನ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಹೋಗಿ ನೋಡಿ, ಯಾರು ಓಡುತ್ತಿರುತ್ತಾರೆ?

ಇಷ್ಟು ಸಾಲದು ಎಂಬಂತೆ ಗಾದಿ, ಗಾದಿಯ ಮೇಲೆ ಕೌದಿ, ಕೌದಿಯ ಮೇಲೆ ಲ್ಯಾಪ್‌ಟಾಪ್. ತಳದಲ್ಲಿ ಗಾಳಿ ಎಳೆಯುವ ಕಿಂಡಿಗಳೆಲ್ಲ ಬಂದ್. ಶಹಾಬಾದ್ ಕಲ್ಲು ಹಾಸಿದ ಮನೆಯಲ್ಲಿ ಇದ್ದುಕೊಂಡು ಕೂಲಿಂಗ್ ಪ್ಯಾಡ್ ಹುಡುಕುವವರನ್ನು ಕಂಡರೆ ಅಚ್ಚರಿಯಾಗುತ್ತದೆ. ನೆಲದ ಮೇಲಿಟ್ಟು, ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳ ಕೊಟ್ಟು ಒಂದೂವರೆ ಸೆಂಟಿಮೀಟರ್ ಎತ್ತಿದರೆ ಆಯಿತು. ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99%ಗೆ ಇಳಿಸಿದರೆ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ, ಅಂದರೆ ಚಿಪ್ಪು ತನ್ನ ಮೂಲ ವೇಗ ಮೀರಿ ಓಡುವುದು, ನಿಲ್ಲುತ್ತದೆ. ಕಾಗದದ ಮೇಲೆ ಒಂದೇ ಅಂಕಿ, ಬಿಸಿಯಲ್ಲಿ ಎದ್ದು ಕಾಣುವಷ್ಟು ಇಳಿತ. ಫ್ರೇಮ್ ಮಿತಿ 40ಕ್ಕೆ ಕಟ್ಟಿಹಾಕಿದರೆ ಇನ್ನೂ ಒಳ್ಳೆಯದು. ಒಂದೇ ಸಮನಾದ 40, ಏರಿಳಿಯುವ 60ಕ್ಕಿಂತ ಕಣ್ಣಿಗೆ ಸುಖ.

ಧೂಳಿನದು ಬೇರೆ ಅಧ್ಯಾಯ. ತೊಗರಿ ರಾಶಿಯ ಹೊಟ್ಟು, ಫರಸಿ ಕಲ್ಲಿನ ಪುಡಿ, ಬೇಸಿಗೆ ಗಾಳಿ ಹೊತ್ತು ತರುವ ಎರೆಮಣ್ಣು ಎಲ್ಲವೂ ಫ್ಯಾನು ಮತ್ತು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಬಂದು ಕೂರುತ್ತವೆ. ಕೂರುವುದು ಒಳಮಗ್ಗುಲಿಗೆ. ಹೊರಗಿನಿಂದ ಬ್ಲೋವರ್ ಊದಿದರೆ ಹಳೆಯ ಧೂಳು ಹೊಸ ವಿಳಾಸಕ್ಕೆ ಹೋಗುತ್ತದೆ ಅಷ್ಟೇ. ತಳ ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಂಡು ಊದಬೇಕು. ಹಿಡಿಯದಿದ್ದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡಿಸಿಕೊಳ್ಳುತ್ತದೆ. ಚಿಪ್ಪಿನ ಬಿಸಿ ದಾಟಿಸಲು ಅದರ ಮೇಲೆ ಹಚ್ಚಿ ಈಗ ಒಣಗಿದ ಥರ್ಮಲ್ ಪೇಸ್ಟನ್ನು 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹೊಸದು ಹಚ್ಚಿ. ಎಷ್ಟು? ಒಂದು ತೊಗರಿ ಕಾಳಿನಷ್ಟು. ಕಾಳು, ಬೇಳೆಯಲ್ಲ. ಹೋಳಿಗೆಗೆ ಹೂರಣ ತುಂಬಿದಂತೆ ತುಂಬಿದರೆ ಬಿಸಿ ದಾಟುವ ಬದಲು ಅಲ್ಲೇ ತಡೆಯುತ್ತದೆ.

ಮೊಬೈಲಿನ ಗೋಳು ಸಣ್ಣದು, ಗದ್ದಲ ದೊಡ್ಡದು. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಗೇಮಿನಲ್ಲಿ 100 ಜನ ಇಳಿದು ಕೊನೆಯ ಹತ್ತು ಮಂದಿ ಉಳಿಯುವ ಹೊತ್ತಿಗೆ ಫೋನು ಕಾದು ಪರದೆ ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ. ಬೆವರಿದ ಹೆಬ್ಬೆರಳಿನ ನೀರನ್ನು ಪರದೆ ಇನ್ನೊಂದು ಬೆರಳೆಂದು ತಿಳಿದು, ಅಡಗಿ ಕುಳಿತವನನ್ನು ಬಯಲಿಗೆ ತಂದು ನಿಲ್ಲಿಸುತ್ತದೆ. ಕೆಲವರು ಆಗ ಫೋನನ್ನು ಫ್ರಿಜ್‌ನಲ್ಲಿಡುತ್ತಾರೆ. ಬೇಡ. ತಣ್ಣಗಾದ ಗಾಜಿನ ಒಳಮೈಯಲ್ಲಿ ಗಾಳಿಯ ಪಸೆ ಹನಿಗಟ್ಟುತ್ತದೆ, ರಿಪೇರಿ ಅಂಗಡಿಯವರು ಅದಕ್ಕೆ ಒಂದೇ ಮಾತು ಹೇಳುತ್ತಾರೆ: "ನೀರಾಗ ಬಿದ್ದದ." ತಣ್ಣೀರಿನ ಹರವಿಗೆ ಆನಿಸಿ ಇಡುವುದೂ ಅದೇ ಪೈಕಿ. ಕವರ್ ತೆಗೆದು, ಚಾರ್ಜರ್ ಕಿತ್ತು, ಗ್ರಾಫಿಕ್ಸ್ 'ಸ್ಮೂತ್'ಗೆ ಇಳಿಸಿ ಫ್ಯಾನಿನ ಕೆಳಗೆ ಕೂಡುವುದೇ ಮದ್ದು.

ಈಗ ಕರೆಂಟು. ಮನೆಯಲ್ಲಿ ಇನ್‌ವರ್ಟರ್ ಇದ್ದರೂ ಕರೆಂಟು ಹೋದ ಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ ಎಂಬ ದೂರು ಓಣಿಗೊಂದು ಇರುತ್ತದೆ. ಇನ್‌ವರ್ಟರಿನ ಮೇಲೆ 'ಯುಪಿಎಸ್' ಮತ್ತು 'ನಾರ್ಮಲ್' ಎಂಬ ಸ್ವಿಚ್ ಇರುತ್ತದೆ, ಕೆಲವದರಲ್ಲಿ 'ಇಕೊ'. ನಾರ್ಮಲ್‌ನಲ್ಲಿ ಬ್ಯಾಟರಿಗೆ ಹೊರಳಲು 40 ಮಿಲಿಸೆಕೆಂಡಿನವರೆಗೆ ಹಿಡಿಯಬಹುದು. ಕಂಪ್ಯೂಟರಿನ ಪವರ್ ಸಪ್ಲೈ ಉಸಿರು ಹಿಡಿದು ನಿಲ್ಲುವುದು ಸುಮಾರು 16 ಮಿಲಿಸೆಕೆಂಡು. ಯುಪಿಎಸ್ ಕಡೆಗೆ ತಿರುಗಿಸಿದರೆ ಹೊರಳುವ ಸಮಯ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಇಷ್ಟೇ. ಆದರೆ ಆ ಸ್ವಿಚ್ ಇನ್‌ವರ್ಟರಿನ ಬೆನ್ನಿಗಿದ್ದು, ಬೆನ್ನು ಗೋಡೆಗಿದ್ದು, ನಡುವೆ ಜೋಳದ ಚೀಲ ಇರುವುದರಿಂದ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್‌ವರ್ಟರಿಗೆ ಜೋಡಿಸಿದ ಪ್ಲಗ್ಗುಗಳು ಮನೆಗೆ ಒಂದೋ ಎರಡೋ. ಅಲ್ಲಿ ಮೊದಲ ಹಕ್ಕು ಕೂಲರಿನದು, ಎರಡನೆಯದು ಸಂಜೆ ಧಾರಾವಾಹಿಯದು, ಮೂರನೆಯದು ರೂಟರಿನದು. ಕನ್ಸೋಲಿಗೆ ಉಳಿಯುವುದು ಪ್ರತ್ಯೇಕ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್. ಅದರ ಮೇಲೆ 600 ಎಂದು ಬರೆದಿದ್ದರೂ ಎಳೆಯುವುದು 360 ವ್ಯಾಟ್ ಆಸುಪಾಸು. 200 ವ್ಯಾಟ್ ತಿನ್ನುವ ಕನ್ಸೋಲು, ಜೊತೆಗೆ ಟಿವಿ ಸೇರಿದರೆ ಐದಾರು ನಿಮಿಷ ನಡೆದರೆ ಹೆಚ್ಚು. ಆ ಐದು ನಿಮಿಷ ಆಡಲಿಕ್ಕಲ್ಲ, ಸೇವ್ ಮಾಡಲಿಕ್ಕೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಸೇವ್ ಫೈಲು ಅರ್ಧಕ್ಕೆ ನಿಂತು, ಮುಂದಿನ ಸಲ 'ಡೇಟಾ ಕರಪ್ಟ್' ಎಂದು ಬರುತ್ತದೆ.

ನನ್ನ ಮಟ್ಟಿಗೆ ಗೇಮಿನ ವಿಮರ್ಶೆ ಇಲ್ಲೇ ಮುಗಿಯುತ್ತದೆ: ಒಂದು ಸೇವ್‌ನಿಂದ ಇನ್ನೊಂದು ಸೇವ್‌ಗೆ ಇರುವ ಅಂತರ ಯುಪಿಎಸ್ಸಿನ ಆಯುಷ್ಯಕ್ಕಿಂತ ಕಡಿಮೆ ಇದ್ದರೆ ಅದು ಉತ್ತಮ ಗೇಮ್. ಬೇಕಾದಲ್ಲಿ ಸೇವ್ ಮಾಡಲು ಬಿಡುವ, ಸರದಿಯ ಪ್ರಕಾರ ಆಡುವ ತಂತ್ರದ ಆಟಗಳಿಗೆ ಹತ್ತಕ್ಕೆ ಹತ್ತು. ದೊಡ್ಡ ರಾಕ್ಷಸನನ್ನು ಕೊಂದ ಮೇಲೆಯೇ ಸೇವ್ ಎನ್ನುವ ಆಟದ ಚಿತ್ರ ಎಷ್ಟೇ ಸುಂದರವಿರಲಿ, ಅದನ್ನು ಮಾಡಿದವರಿಗೆ ಮೇ ತಿಂಗಳ ಸಂಜೆಯ ಗಾಳಿಮಳೆ ಗೊತ್ತಿಲ್ಲ. ಆನ್‌ಲೈನ್ ಆಟಗಳಂತೂ ನಡುವೆ ನಿಲ್ಲುವುದೇ ಇಲ್ಲ.

"ಏ ತಮ್ಮಾ, ಜರಾ ಅದನ್ನ ನಿಂದ್ರಿಸಿ ಬಾ, ರೊಟ್ಟಿ ಆರಲತಾವ."

"ಅವ್ವಾ, ಇದು ನಿಂದ್ರಂಗಿಲ್ಲ."

"ಯಾಕ ನಿಂದ್ರಂಗಿಲ್ಲ? ಕರೆಂಟ್ ಹೋದ್ರ ಹ್ಯಾಂಗ ನಿಂದ್ರತದ?"

ಈ ತರ್ಕಕ್ಕೆ ಯಾವ ಗೇಮ್ ಕಂಪನಿಯ ಬಳಿಯೂ ಉತ್ತರವಿಲ್ಲ.

ಹಳೆಯ ಟಿವಿ ಗೇಮಿನ ಕಾಲದಲ್ಲಿ ಹೆಚ್ಚಿನ ಆಟಗಳಿಗೆ ಸೇವ್ ಎಂಬ ಮಾತೇ ಇರಲಿಲ್ಲ. 1988ರ ಕಾಂಟ್ರಾದಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಸ್ಟಾರ್ಟ್ ಒತ್ತಿದರೆ 30 ಜೀವ ಸಿಗುತ್ತಿದ್ದವು. ಕರೆಂಟು ಹೋದರೆ ಮೂವತ್ತೂ ಒಟ್ಟಿಗೆ ಹೋಗುತ್ತಿದ್ದವು. ಕ್ಯಾಸೆಟ್ಟಿಗೆ ಬಾಯಿಂದ ಊದುವ ಪದ್ಧತಿಯೂ ಆಗಿನದೇ. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ. ತೆಗೆದು ಮತ್ತೆ ಹಾಕಿದಾಗ ಅದರ 60 ಪಿನ್ನುಗಳು ಹೊಸದಾಗಿ ತಾಗಿ ಆಟ ಶುರುವಾಗುತ್ತಿತ್ತು, ಉಗುಳಿನ ಪಸೆ ಮಾತ್ರ ಒಳಗೆ ಉಳಿದು ಪಿನ್ನು ಕಿಲುಬು ಹಿಡಿಯುತ್ತಿತ್ತು. ಈಗಲೂ ಅಟ್ಟದ ಮೇಲೆ ಒಂದು ಸಿಕ್ಕರೆ ಕಿವಿಕಡ್ಡಿಗೆ ಆಲ್ಕೊಹಾಲ್ ಅದ್ದಿ ಒರೆಸಿ, ಊದಬೇಡಿ.

ಕೂಲರಿಗೆ ಬರೋಣ. ಈ ಕಡೆಯ ಒಣಬಿಸಿಗೆ ಅದರಷ್ಟು ಚಲೋ ಸಾಧನ ಇನ್ನೊಂದಿಲ್ಲ, ಆದರೆ ಅದು ತಂಪಿನ ಜೊತೆ ನೀರನ್ನೂ ಕೋಣೆಗೆ ತರುತ್ತದೆ. ಎದುರು ಕಿಟಕಿ ತೆರೆದಿಡದಿದ್ದರೆ ಆ ಪಸೆ ಅಲ್ಲೇ ಉಳಿಯುತ್ತದೆ. ಕಿಟಕಿ ತೆರೆದರೆ ತಂಪು ಹೋಗುತ್ತದೆ ಎಂದು ಮನೆಯ ಹಿರಿಯರು ಮುಚ್ಚಿಸುತ್ತಾರೆ, ಪುಸ್ತಕದ ಕಪಾಟು ಅದರ ಫಲ ಉಣ್ಣುತ್ತದೆ. ಕಾದಂಬರಿಯ ರಕ್ಷಾಪುಟಕ್ಕೆ ಹೊರಗಡೆ ಮಾತ್ರ ಲ್ಯಾಮಿನೇಷನ್ ಇರುತ್ತದೆ. ಒಳಮೈ ಪಸೆ ಕುಡಿದು ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ. ಹೀಗಾಗಿ ಸಂಜೆಗೆ ಕಪಾಟಿನ ಮೇಲಿನ ಕಾದಂಬರಿ ತಾನಾಗಿಯೇ ತೆರೆದುಕೊಂಡಿರುತ್ತದೆ. ಓದಿ ಎಂದು ಕರೆಯುತ್ತಿದೆ ಎಂದುಕೊಂಡರೆ ನಿಮ್ಮ ಇಷ್ಟ.

ಕಾದಂಬರಿಯ ನಿಜವಾದ ಶತ್ರು ಕಾರು. ಊರಿಗೆ ಹೊರಟ ಕಾಕಾ ಒಬ್ಬರು 600 ಪುಟದ ಕಾದಂಬರಿ ಕೇಳಿ ಒಯ್ಯುತ್ತಾರೆ, ಸೇಡಂನಲ್ಲಿ ಮದುವೆ ಊಟ ಮುಗಿಯುವ ತನಕ ಅದು ಡ್ಯಾಶ್‌ಬೋರ್ಡಿನ ಮೇಲಿರುತ್ತದೆ. ಬಿಸಿಲಲ್ಲಿ ನಿಂತ, ಗಾಜು ಏರಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟುತ್ತದೆ. ಪುಸ್ತಕದ ಬೆನ್ನಿಗೆ ಹಚ್ಚಿದ ಹಾಟ್‌ಮೆಲ್ಟ್ ಅಂಟು ಕಾರ್ಖಾನೆಯಲ್ಲಿ ಬಿಸಿಯಿಂದಲೇ ಕರಗಿ ಬಂದದ್ದು, ಮತ್ತೆ ಬಿಸಿ ತಗುಲಿದರೆ ಮೆತ್ತಗಾಗುತ್ತದೆ. "ಪುಸ್ತಕ ಭಾಳ ಚಲೋ ಅದ, ಆದ್ರ ಹಾಳಿ ಒಂದೊಂದೇ ಕಳಚಲತಾವ ನೋಡು" ಎಂದು ಕಾಕಾ ಅದನ್ನು ಕ್ಯಾರಿಬ್ಯಾಗಿನಲ್ಲಿ ವಾಪಸು ಕೊಡುತ್ತಾರೆ. 2020ರ ಫೆಬ್ರುವರಿ 5ರಿಂದ 7ರವರೆಗೆ ಇಲ್ಲೇ 85ನೇ ಸಾಹಿತ್ಯ ಸಮ್ಮೇಳನ ನಡೆದಾಗ ಜನ ಚೀಲಗಟ್ಟಲೆ ಪುಸ್ತಕ ಒಯ್ದರು. ಫೆಬ್ರುವರಿಯಲ್ಲಿ ಎಲ್ಲ ಬೈಂಡಿಂಗೂ ಚಲೋ ಕಾಣುತ್ತದೆ.

ಕೊಳ್ಳುವಾಗಲೇ ಪುಸ್ತಕದ ಬೆನ್ನಿನ ಮೇಲ್ತುದಿ ನೋಡಬೇಕು. ಮಡಿಚಿದ 16 ಪುಟದ ಫಾರಂಗಳು ಗುಂಪು ಗುಂಪಾಗಿ ಕಂಡರೆ ಅದು ಹೊಲಿಗೆ. ಹಾಳೆಗಳ ತುದಿ ಸಪಾಟಾಗಿ ಅಂಟಿನಲ್ಲಿ ಮುಳುಗಿದ್ದರೆ ಬರೀ ಅಂಟು. ಇನ್ನೊಂದು ಪರೀಕ್ಷೆ ಊಟದ ಹೊತ್ತಿನದು: ಬಲಗೈ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಇರುವಾಗ ಪುಸ್ತಕ ನಡುಪುಟಕ್ಕೆ ತೆರೆದು ತನ್ನಷ್ಟಕ್ಕೆ ಮಲಗಿದರೆ ಹೊಲಿಗೆಯದು. ಮತ್ತೆ ಮತ್ತೆ ಮುಚ್ಚಿಕೊಂಡು, ಎಡಗೈಯನ್ನೂ ಕೇಳಿದರೆ ಅಂಟಿನದು. ಹೊಲಿಗೆಯ ಸಾಧಾರಣ ಕಾದಂಬರಿಗೆ ಅಂಟಿನ ಶ್ರೇಷ್ಠ ಕಾದಂಬರಿಗಿಂತ ಒಂದು ಅಂಕ ಹೆಚ್ಚು ಕೊಡುತ್ತೇನೆ. ಶ್ರೇಷ್ಠ ಕಾದಂಬರಿಯ 311ನೇ ಪುಟ ಮಂಚದ ಕೆಳಗೆ ಸಿಕ್ಕವರು ಇದನ್ನು ಒಪ್ಪುತ್ತಾರೆ.

ಕಳಚಿದ್ದನ್ನು ಮನೆಯಲ್ಲೇ ಕಟ್ಟಬಹುದು. ಸೆಲ್ಲೊಟೇಪ್ ಮಾತ್ರ ಬೇಡ, ಅದರ ಅಂಟು ಹಳದಿಯಾಗಿ ಅಕ್ಷರಕ್ಕೆ ಇಳಿಯುತ್ತದೆ. ಹಳೆಯ ಅಂಟು ಕೆರೆದು ತೆಗೆದು, ಹಾಳೆಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿ, ಎರಡು ಹಲಗೆಯ ನಡುವೆ ಬೆನ್ನು ಎರಡು ಸೆಂಟಿಮೀಟರ್ ಹೊರಗಿರುವಂತೆ ಹಿಡಿಯಬೇಕು. ಬೆನ್ನನ್ನು ಒಂದು ಕಡೆ ಬಾಗಿಸಿದರೆ ಪ್ರತಿ ಹಾಳೆಯ ಅಂಚು ಕೂದಲೆಳೆಯಷ್ಟು ಕಾಣುತ್ತದೆ, ಆಗ ಫೆವಿಕಾಲ್ ತೆಳ್ಳಗೆ ಸವರಿ. ಇನ್ನೊಂದು ಕಡೆ ಬಾಗಿಸಿ ಮತ್ತೆ ಸವರಿ. ಎರಡೂ ಕಡೆ ಏಕೆಂದರೆ ಅಂಟು ಹಾಳೆಯ ತುದಿಗಷ್ಟೇ ಅಲ್ಲ, ಎರಡು ಮಗ್ಗುಲಿಗೂ ಹಿಡಿಯಬೇಕು. ನೆಟ್ಟಗೆ ಮಾಡಿ ತೆಳು ಅರಿವೆಯ ಪಟ್ಟಿ ಅಂಟಿಸಿ, ಮೇಲೆ ಒಂದು ಫರಸಿ ತುಂಡು ಇಟ್ಟು 24 ಗಂಟೆ ಮರೆತುಬಿಡಿ. ಈ ಕೆಲಸದ ಹೊತ್ತಿಗೆ ಫ್ಯಾನು, ಕೂಲರು ಬಂದ್ ಇರಲಿ, ಇಲ್ಲಿನ ಗಾಳಿಗೆ ಫೆವಿಕಾಲ್ ಎರಡನೇ ಕಡೆ ಬಾಗಿಸುವ ಮೊದಲೇ ಕೆನೆಗಟ್ಟುತ್ತದೆ. ಅಂಟೂ ನೀವೂ ಒಟ್ಟಿಗೆ ಒಣಗಬೇಕು.

ಇನ್ನು ಕಾಮಿಕ್ಸ್. ಮಿರಿಮಿರಿ ಮಿಂಚುವ ಆರ್ಟ್ ಪೇಪರಿನ ದುಬಾರಿ ಕಾಮಿಕ್ಸಿಗೆ ನನ್ನ ಆಕ್ಷೇಪ ಹಳೆಯದು. ಆ ಮಿಂಚು ಜೇಡಿಮಣ್ಣಿನ ಲೇಪ. ಕೂಲರಿನ ತುಂತುರು ಬಿದ್ದು ಒಣಗಿದರೆ ಲೇಪಕ್ಕೆ ಲೇಪ ಹತ್ತಿ ಎರಡು ಪುಟ ಒಂದಾಗುತ್ತವೆ, ಎಳೆದರೆ ನಾಯಕನ ಮುಖ ಖಳನಾಯಕನ ಪುಟಕ್ಕೆ ಹೋಗುತ್ತದೆ. ಒಣಗುವ ಮೊದಲೇ ಪುಟ ಪುಟದ ನಡುವೆ ಬಟರ್ ಪೇಪರ್ ಇಡಬೇಕು. ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ, ಆಮೇಲೆ ನಿಧಾನಕ್ಕೆ ಒಂದೊಂದೇ ಬಿಡಿಸಿ. ಫೋನಿಗೆ ಒಲ್ಲೆನೆಂದ ಫ್ರಿಜ್ ಇಲ್ಲಿ ಬೇಕು. ಐಸ್ ತಟ್ಟೆಯ ಪಕ್ಕದಲ್ಲಿ ಕಾಮಿಕ್ಸ್ ಕಂಡು ಮನೆಯವರು ಏನಾದರೂ ಅಂದರೆ ಅನ್ನಲಿ.

ಒರಟು ಕಾಗದದ ಹಳೆಯ ಕಾಮಿಕ್ಸು ಪುಟ ಹಳದಿಯಾದರೂ ಅಂಟಿಕೊಳ್ಳುವುದಿಲ್ಲ. ಅದರ ದುಃಖ ಪಿನ್ನಿನದು. ಅಮರ ಚಿತ್ರ ಕಥೆಯಂಥ 32 ಪುಟದ ಪುಸ್ತಕವನ್ನು ಹಿಡಿದಿರುವುದು ಎರಡು ಸ್ಟೇಪಲ್ ಪಿನ್ನು, ಮಳೆಗಾಲದಲ್ಲಿ ಅವು ತುಕ್ಕು ಹಿಡಿದು ನಡುಪುಟ ಮೊದಲು ಹೊರಬರುತ್ತದೆ. ನಡುಪುಟ ತೆರೆದು ಮೊಂಡು ಚಾಕುವಿನಿಂದ ಪಿನ್ನಿನ ಕಾಲು ನೆಟ್ಟಗೆ ಮಾಡಿ, ಬೆನ್ನಿನ ಕಡೆಯಿಂದ ಎಳೆದು, ಅದೇ ತೂತಿನಲ್ಲಿ ಹತ್ತಿಯ ದಾರ ಹಾಯಿಸಿ ಒಳಗಡೆ ಗಂಟು ಹಾಕಿದರೆ ಮತ್ತೆ ತುಕ್ಕಿನ ಮಾತಿಲ್ಲ.

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ 3,000 ಹಸ್ತಪ್ರತಿಗಳಿದ್ದವೆನ್ನುತ್ತಾರೆ. 17ನೇ ಶತಮಾನದಲ್ಲಿ ಒಳಗಿಟ್ಟ ಸಿಡಿಮದ್ದು ಹೊತ್ತಿ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ನಮ್ಮ ಕಪಾಟಿಗೆ ಅಷ್ಟು ದೊಡ್ಡ ಗಂಡಾಂತರ ಬೇಕಿಲ್ಲ, ದೀಪಾವಳಿಯ ಸ್ವಚ್ಛತೆ ಸಾಕು. ರದ್ದಿಯವನು ಬಾಗಿಲಿಗೆ ಬಂದಾಗ ತೂಗುವುದು ಕಥೆಯನ್ನಲ್ಲ, ತಕ್ಕಡಿಯಲ್ಲಿ ಮಣ್ಣು ಲೇಪಿಸಿದ ಆರ್ಟ್ ಪೇಪರೇ ಭಾರ. ಮನೆಯವರ ಕೈ ಮೊದಲು ಹೋಗುವುದೂ ಅದಕ್ಕೇ, ಆದ್ದರಿಂದ ದುಬಾರಿ ಕಾಮಿಕ್ಸು ಇದ್ದವರು ಅವನ್ನು ಕೆಳಗಿನ ಸಾಲಿನಿಂದ ಮೇಲಿನ ಸಾಲಿಗೆ, ಹಿಂದಿನ ಬದಿಗೆ ಸರಿಸಿ, ಮುಂದೆ ಹಳೆಯ ಕಾಲೇಜು ನೋಟ್ಸು ಒಟ್ಟಿರಬೇಕು.