ಬೈಕಿಗೆ ಸೈಡ್‌ಕಾರ್: ಬಣ್ಣಕ್ಕಿಂತ ಮೊದಲು ಬ್ರೇಕಿನ ಮಾತು

ಎಡಪಕ್ಕಕ್ಕೆ ಸೈಡ್‌ಕಾರ್, ಅಂದರೆ ಒಂದು ಚಕ್ರದ ಕೂರುವ ತೊಟ್ಟಿ, ಜೋಡಿಸಿದ ನನ್ನ ಬುಲೆಟ್ ಬೈಕು ಎಲ್ಲಿ ನಿಂತರೂ ನಾಲ್ಕು ಜನ ಹತ್ತಿರ ಬಂದು ಮಾತನಾಡಿಸುತ್ತಾರೆ. ಎಷ್ಟು ಖರ್ಚಾಯಿತು, ಎಲ್ಲಿ ಮಾಡಿಸಿದಿರಿ, ಮೈಲೇಜ್ ಎಷ್ಟು ಕೊಡುತ್ತದೆ ಎಂದು ಪ್ರೀತಿಯಿಂದ ವಿಚಾರಿಸುತ್ತಾರೆ. ಆದರೆ ಪಕ್ಕದ ಚಕ್ರಕ್ಕೆ ಬ್ರೇಕ್ ಇದೆಯೇ, ಅದನ್ನು ಬೈಕಿನ ಚೌಕಟ್ಟಿಗೆ ಎಷ್ಟು ಕಡೆ ಬಿಗಿದಿದ್ದಾರೆ ಎಂದು ಕೇಳುವವರು ತೀರ ಅಪರೂಪ. ತಮ್ಮ ಬೈಕಿಗೂ ಒಂದು ಸೈಡ್‌ಕಾರ್ ಹಾಕಿಸಬೇಕೆಂದು ನಿಜವಾಗಿ ಯೋಚಿಸುತ್ತಿರುವವರು ಕೂಡ ಈ ಎರಡು ಪ್ರಶ್ನೆಗಳನ್ನು ಕೇಳದೆ ಮುಂಗಡ ಕೊಟ್ಟು ಬರುವುದನ್ನು ಕಂಡು ಆತಂಕವಾಗಿದೆ. ಅದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಸೈಡ್‌ಕಾರ್ ಬೇಡವೆಂಬುದು ನನ್ನ ವಾದವಲ್ಲ. ಮಂಡಿನೋವಿನ ನನ್ನ ತಾಯಿಗೆ ಬೈಕಿನ ಹಿಂದಿನ ಸೀಟಿಗೆ ಕಾಲೆತ್ತಿ ಹಾಕಲು ಆಗುವುದಿಲ್ಲ, ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರಿಸಿಕೊಂಡು ಹೋಗಲು ನನಗೆ ಧೈರ್ಯವಿಲ್ಲ. ಕಾರು ಕೊಳ್ಳುವ ಶಕ್ತಿಯಿಲ್ಲದ, ದಿನವೂ ಆಟೋ ಹಿಡಿಯಲಾಗದ ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಹೊರಗೆ ಹೋಗುವುದೇ ನಿಂತುಹೋಗಿರುತ್ತದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ನಮ್ಮ ಊರುಗಳಲ್ಲಿ ಸ್ಕೂಟರಿಗೆ ಸೈಡ್‌ಕಾರ್ ಜೋಡಿಸಿಕೊಂಡು ಹೆಂಡತಿ ಮಕ್ಕಳೊಂದಿಗೆ ಮದುವೆ ಮುಂಜಿಗೆ ಹೋಗುತ್ತಿದ್ದವರು ಹಿರಿಯರಿಗೆ ನೆನಪಿರಬಹುದು. ಬ್ರಿಟನ್ನಿನಲ್ಲಿಯೂ ದುಡಿಯುವ ವರ್ಗದ ಕುಟುಂಬ ವಾಹನವೆಂದರೆ ಬಹುಕಾಲ ಇದೇ ಆಗಿತ್ತು. 1959ರಲ್ಲಿ ಮಿನಿ ಬಂದು, ಅಗ್ಗದ ಸಣ್ಣ ಕಾರುಗಳು ಕೈಗೆಟುಕತೊಡಗಿದ ಮೇಲೆ ಅಲ್ಲಿ ಸೈಡ್‌ಕಾರಿನ ಕಾಲ ಮುಗಿಯುತ್ತ ಬಂತು. ಇಂಥ ಉಪಯುಕ್ತ ವಾಹನ ನಮ್ಮಲ್ಲಿ ಫೋಟೋ ತೆಗೆಸಿಕೊಳ್ಳುವ ಅಲಂಕಾರವಾಗಿ ಮಾತ್ರ ಮರಳಿ ಬರುವುದಾದರೆ ಅದು ದೊಡ್ಡ ನಷ್ಟ.

ಮುಖ್ಯ ಮಾತಿಗೆ ಬರುತ್ತೇನೆ. ಸೈಡ್‌ಕಾರ್ ಸೇರಿದ ಕ್ಷಣದಿಂದ ಆ ಬೈಕು ಬೈಕಾಗಿ ಉಳಿಯುವುದಿಲ್ಲ. ಆಟೋಗೂ ಮೂರು ಚಕ್ರಗಳಿವೆ, ಆದರೆ ಅದರ ಎಡ ಬಲ ಎರಡೂ ಸಮ. ಇಲ್ಲಿ ಎಂಜಿನ್, ಸವಾರ, ಎಳೆಯುವ ಚಕ್ರ ಎಲ್ಲವೂ ಬಲಗಡೆ ಇದ್ದು, ಎಡಗಡೆ ಬರಿಯ ಭಾರವಿರುತ್ತದೆ. ಜೋಡಿ ಎತ್ತುಗಳಲ್ಲಿ ಒಂದು ಮುಂದೆ ಹೆಜ್ಜೆಯಿಟ್ಟು ಇನ್ನೊಂದು ಹಿಂದುಳಿದರೆ ನೊಗ ಓರೆಯಾಗುವಂತೆ, ಆಕ್ಸಿಲರೇಟರ್ ಕೊಟ್ಟೊಡನೆ ಹಿಂದುಳಿಯುವ ಸೈಡ್‌ಕಾರ್ ಇಡೀ ಗಾಡಿಯನ್ನು ಎಡಕ್ಕೆ ತಿರುಗಿಸಲು ನೋಡುತ್ತದೆ. ಬ್ರೇಕ್ ಹಿಡಿದಾಗ ಇದಕ್ಕೆ ತದ್ವಿರುದ್ಧ: ಬೈಕಿನ ಚಕ್ರಗಳು ನಿಧಾನವಾದರೂ ಸೈಡ್‌ಕಾರ್ ಅದೇ ವೇಗದಲ್ಲಿ ಮುಂದೆ ನುಗ್ಗುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ. ಎಡಬದಿಯಲ್ಲಿ ಸಂಚರಿಸುವ ನಮ್ಮ ದೇಶದಲ್ಲಿ ಬಲಕ್ಕೆ ಹೊರಳುವುದೆಂದರೆ ಎದುರಿನಿಂದ ಬರುವ ಲಾರಿಯ ದಾರಿಗೆ ಹೋಗುವುದು. ಪಕ್ಕದ ಚಕ್ರಕ್ಕೂ ಬ್ರೇಕ್ ಇದ್ದು, ಅದು ಹಿಂದಿನ ಬ್ರೇಕಿನೊಂದಿಗೆ ಒಟ್ಟಿಗೆ ಹಿಡಿಯುವಂತಿದ್ದರೆ ಈ ಎಳೆತ ಬಹುಮಟ್ಟಿಗೆ ತಗ್ಗುತ್ತದೆ. ಅದಕ್ಕಾಗುವ ಖರ್ಚನ್ನು ಉಳಿಸಿ, ಅದೇ ಹಣದಲ್ಲಿ ಲೆದರ್ ಸೀಟು ಮತ್ತು ಕ್ರೋಮ್ ಪಟ್ಟಿ ಹಾಕಿಸಿಕೊಂಡ ಗಾಡಿಗಳನ್ನು ಕಂಡಿದ್ದೇನೆ. ಅದರಲ್ಲಿ ಕೂರುವವರು ಮನೆಯ ಮಕ್ಕಳು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ತಿರುವಿನ ಮಾತು ಇನ್ನೂ ಗಂಭೀರ. ಬೈಕನ್ನು ನಾವು ತಿರುವಿನೊಳಗೆ ವಾಲಿಸಿ ತಿರುಗಿಸುತ್ತೇವೆ. ಸೈಡ್‌ಕಾರ್ ಇರುವ ಬೈಕು ವಾಲುವುದಿಲ್ಲ, ಹ್ಯಾಂಡಲನ್ನು ತೋಳಿನ ಬಲದಿಂದ ಹೋಗಬೇಕಾದ ದಿಕ್ಕಿಗೇ ತಿರುಗಿಸಬೇಕು. ವರ್ಷಗಟ್ಟಲೆ ಬೈಕ್ ಓಡಿಸಿದವರ ಕೈ ತಿರುವು ಬಂದಾಗ ತಾನಾಗಿಯೇ ಎದುರು ದಿಕ್ಕಿಗೆ ಹ್ಯಾಂಡಲನ್ನು ತುಸು ಒತ್ತುತ್ತದೆ. ಬೈಕನ್ನು ವಾಲಿಸುವ ಆ ಅಭ್ಯಾಸವೇ ಇಲ್ಲಿ ಗಾಡಿಯನ್ನು ಬೇಡದ ಕಡೆಗೆ ಒಯ್ಯುತ್ತದೆ. ಆದ್ದರಿಂದ ನುರಿತ ಸವಾರರೇ ಮೊದಲ ದಿನಗಳಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಎಡ ತಿರುವಿನಲ್ಲಿ ಭಾರವೆಲ್ಲ ಬಲಕ್ಕೆ ಸರಿದು, ಸೈಡ್‌ಕಾರ್ ಖಾಲಿಯಿದ್ದರೆ ಅದರ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಎಡಬದಿಯಲ್ಲಿ ಸಾಗುವ ನಮಗೆ ಎಡ ತಿರುವುಗಳೇ ಒಳಸುತ್ತಿನವು, ಹೆಚ್ಚು ಬಿಗಿಯಾದವು ಎಂಬುದನ್ನು ಇದರ ಜೊತೆಗಿಟ್ಟು ನೋಡಿ. ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಎಡಕ್ಕೆ ಬರುವ ಪ್ರತಿಯೊಂದು ಹಿಮ್ಮುರಿ ತಿರುವಿನಲ್ಲಿಯೂ ಚಕ್ರ ಮೇಲೇಳುವ ಅಪಾಯ ಮತ್ತು ಬ್ರೇಕ್ ಹಿಡಿದಾಗ ಬಲಕ್ಕೆ ಎಳೆಯುವ ಅಪಾಯ ಎರಡೂ ಒಟ್ಟಿಗೆ ಎದುರಾಗುತ್ತವೆ. ತಿರುವಿಗೆ ಬರುವ ಮುನ್ನವೇ, ರಸ್ತೆ ನೇರವಿರುವಾಗಲೇ, ವೇಗ ತಗ್ಗಿಸಿ ಕೆಳಗಿನ ಗೇರಿಗೆ ಇಳಿದಿರುವುದೊಂದೇ ಅಲ್ಲಿ ನಂಬಬಹುದಾದ ಉಪಾಯ. ಬಲ ತಿರುವಿನಲ್ಲಿ ಸೈಡ್‌ಕಾರ್ ಆಸರೆ ಕೊಡುತ್ತದೆ, ಆದರೆ ವೇಗ ಮಿತಿ ಮೀರಿದರೆ ಬೈಕಿನ ಹಿಂಚಕ್ರ ಹಗುರಾಗಿ, ಇಡೀ ಗಾಡಿ ಸೈಡ್‌ಕಾರಿನ ಮೂತಿಯ ಮೇಲೆ ಮಗುಚಬಹುದು.

ಜೋಡಣೆಯ ಕೆಲಸವನ್ನು ಒಮ್ಮೆ ಹತ್ತಿರ ನಿಂತು ನೋಡಿದರೆ ಇದು ಕೇವಲ ವೆಲ್ಡಿಂಗ್ ಕೆಲಸವಲ್ಲವೆಂದು ತಿಳಿಯುತ್ತದೆ. ನನ್ನ ಗಾಡಿಗೆ ಕೆಲಸ ಮಾಡಿದ ಮಿಸ್ತ್ರಿ ಮೊದಲು ಸಮತಟ್ಟಾದ ನೆಲ ಹುಡುಕಿದರು. ನೇರವಾದ ಎರಡು ಉದ್ದನೆಯ ಅಲ್ಯೂಮಿನಿಯಂ ಪೈಪುಗಳನ್ನು, ಒಂದನ್ನು ಬೈಕಿನ ಎರಡೂ ಚಕ್ರಗಳಿಗೆ ತಾಗಿಸಿ, ಇನ್ನೊಂದನ್ನು ಸೈಡ್‌ಕಾರಿನ ಚಕ್ರಕ್ಕೆ ತಾಗಿಸಿ ನೆಲದ ಮೇಲಿಟ್ಟರು. ಮಂಡಿಯೂರಿ ಕುಳಿತು, ಮುಂದೆ ಒಮ್ಮೆ ಹಿಂದೆ ಒಮ್ಮೆ ಟೇಪು ಹಿಡಿದು, ಎರಡು ಪೈಪುಗಳ ನಡುವಿನ ಅಂತರ ಅಳೆದರು. ಮುಂದಿನ ಅಂತರ ಹಿಂದಿನದಕ್ಕಿಂತ ಸುಮಾರು 10ರಿಂದ 20 ಮಿಲಿಮೀಟರ್ ಕಡಿಮೆಯಿರಬೇಕು, ಅಂದರೆ ಪಕ್ಕದ ಚಕ್ರ ತುಸುವೇ ಬೈಕಿನ ಕಡೆಗೆ ಮುಖ ಮಾಡಿರಬೇಕು. ಇದಕ್ಕೆ ಟೋ-ಇನ್ ಎನ್ನುತ್ತಾರೆ, ಎಡಕ್ಕೆ ಎಳೆಯುವುದನ್ನು ಇದು ಸರಿದೂಗಿಸುತ್ತದೆ. ಅದು ಅತಿಯಾದರೆ ಟೈರು ಬೇಗ ಸವೆಯುತ್ತದೆ. ಆಮೇಲೆ ಬೈಕನ್ನು ಸೈಡ್‌ಕಾರಿನಿಂದ ಹೊರಕ್ಕೆ, ಎಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿಸಿ ನಿಲ್ಲಿಸಿದರು, ಏಕೆಂದರೆ ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡ ಅಂಚಿಗೆ ಇಳಿಜಾರಾಗಿರುತ್ತವೆ. ಪಕ್ಕದ ಚಕ್ರದ ಅಚ್ಚು ಬೈಕಿನ ಹಿಂಚಕ್ರದ ಅಚ್ಚಿಗಿಂತ ಗೇಣುದ್ದದಷ್ಟು ಮುಂದಿತ್ತು. ಅದು ಹಿಂದೆ ಸರಿದಷ್ಟೂ ಬಲ ತಿರುವಿನಲ್ಲಿ ಮೂತಿಯ ಮೇಲೆ ಮಗುಚುವ ಸಂಭವ ಹೆಚ್ಚು. “ಸಾರ್, ಈ ಅಳತೆ ತಾಯಿಯವರನ್ನು ಕೂರಿಸಿ ಇನ್ನೊಮ್ಮೆ ನೋಡಬೇಕು, ಖಾಲಿ ಗಾಡಿಯ ಲೆಕ್ಕ ಬೇರೆ, ತೂಕ ಬಿದ್ದಾಗಿನ ಲೆಕ್ಕ ಬೇರೆ” ಎಂದು ಅವರು ಹೇಳಿದ ಮೇಲೆಯೇ ನನಗೆ ಪೂರ್ಣ ನಂಬಿಕೆ ಬಂದದ್ದು.

ಬಿಗಿಯುವ ಜಾಗಗಳು ನಾಲ್ಕು ಇರಬೇಕು: ಕೆಳಗಿನ ಎರಡು ಭಾರ ಹೊರುತ್ತವೆ, ಮೇಲಿನ ಎರಡು ವಾಲುವಿಕೆಯನ್ನು ಹಿಡಿದಿಡುತ್ತವೆ. ಅನೇಕ ಬುಲೆಟ್‌ಗಳಲ್ಲಿ ಎಂಜಿನ್ನೇ ಚೌಕಟ್ಟಿನ ಒಂದು ಭಾಗವಾಗಿ ಭಾರ ಹೊರುವಂತೆ ರಚನೆಯಿರುತ್ತದೆ, ಕೆಳಗೆ ಕೊಳವೆಯೇ ಇರುವುದಿಲ್ಲ. ಅಂಥ ಗಾಡಿಗೆ ಎಂಜಿನ್ ಕೆಳಗೆ ಪ್ರತ್ಯೇಕ ಉಪಚೌಕಟ್ಟು ಕಟ್ಟದೆ, ಮುಂದಿನ ಒಂಟಿ ಕೊಳವೆಗೆ ಕ್ಲಾಂಪ್ ಹಾಕಿ ಕೆಲಸ ಮುಗಿಸಿದರೆ, ನಮ್ಮ ಹಂಪುಗಳ ಮೇಲೆ ಆ ಕೊಳವೆ ಎಷ್ಟು ದಿನ ತಾಳೀತು? ಮುಂದಿನ ಫೋರ್ಕಿನ ವಿಷಯವೂ ಇದೆ. ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕೂ ಮುಂಚಕ್ರ ನೆಲಕ್ಕೆ ತಾಗುವ ಜಾಗಕ್ಕೂ ನಡುವಿನ ಅಂತರವನ್ನು ಟ್ರೇಲ್ ಎನ್ನುತ್ತಾರೆ. ಸಾಮಾನ್ಯ ಬೈಕಿನ ಟ್ರೇಲ್ ಸೈಡ್‌ಕಾರಿಗೆ ಹೆಚ್ಚು, ಹ್ಯಾಂಡಲ್ ಕಲ್ಲಿನಂತೆ ಭಾರವಾಗುತ್ತದೆ. ಟ್ರೇಲನ್ನು ಕಡಿಮೆ ಮಾಡುವ, ಮುಂದಕ್ಕೆ ಚಾಚಿದ ತೋಳುಗಳಲ್ಲಿ ಚಕ್ರವನ್ನು ಹಿಡಿಯುವ ಲೀಡಿಂಗ್ ಲಿಂಕ್ ಫೋರ್ಕ್ ಹಾಕಿದರೆ ತೋಳಿಗೆ ಆರಾಮ. ಸೈಡ್‌ಕಾರಿಗೆಂದೇ ಕಾರ್ಖಾನೆಯಲ್ಲಿ ತಯಾರಾಗುವ, ರಷ್ಯಾ ಮೂಲದ ಉರಾಲ್ ಗಾಡಿಗಳಲ್ಲಿ ಇಂಥದೇ ಫೋರ್ಕ್ ಇರುತ್ತದೆ. ಚೈನ್ ಓಡುವ ಹಲ್ಲುಚಕ್ರವನ್ನು (ಸ್ಪ್ರಾಕೆಟ್) ಬದಲಿಸಿ ಎಳೆಯುವ ಶಕ್ತಿ ಹೆಚ್ಚಿಸದಿದ್ದರೆ ಕ್ಲಚ್ ಪ್ಲೇಟು ಬೇಗ ಸುಟ್ಟುಹೋಗುತ್ತದೆ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳ ಅಭಿಮಾನಿಗಳಿಗೆ ಒಂದು ಮಾತು. ಜಾವಾದ ತವರಾದ ಚೆಕೊಸ್ಲೊವಾಕಿಯಾದಲ್ಲಿ ಅದಕ್ಕೆ ವೆಲೊರೆಕ್ಸ್ ಸೈಡ್‌ಕಾರ್ ಜೋಡಿಸುತ್ತಿದ್ದರು. ಅಲ್ಲಿ ಸಂಚಾರ ಬಲಬದಿಯಲ್ಲಿ, ಆದ್ದರಿಂದ ಸೈಡ್‌ಕಾರೂ ಬಲಕ್ಕೆ. ಹಳೆಯ ವಸ್ತುವಿನ ಮೋಹದಿಂದ ಅಂಥದನ್ನು ತರಿಸಿ ಇಲ್ಲಿಯೂ ಬಲಕ್ಕೇ ಜೋಡಿಸಿದರೆ, ಕೂತವರು ನಡುರಸ್ತೆಯ ಕಡೆಗಿರುತ್ತಾರೆ, ಇಳಿಯುವಾಗ ವಾಹನಗಳ ನಡುವೆ ಇಳಿಯಬೇಕಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕಲಿಯುವಾಗ ಸೈಡ್‌ಕಾರಿನಲ್ಲಿ ಮನುಷ್ಯರನ್ನು ಕೂರಿಸದೆ ಮರಳಿನ ಚೀಲಗಳನ್ನಿಟ್ಟು, ಖಾಲಿ ಮೈದಾನದಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹಾಕಬೇಕು. ಎಡ ಸುತ್ತಿನಲ್ಲಿ ಚಕ್ರ ಮೇಲೇಳಲು ಆರಂಭಿಸಿದಾಗ ಗಾಬರಿಯಾಗದೆ, ಆಕ್ಸಿಲರೇಟರ್ ಮೆಲ್ಲನೆ ಬಿಟ್ಟು ಹ್ಯಾಂಡಲನ್ನು ತುಸು ನೇರ ಮಾಡಿದರೆ ಅದು ಕೆಳಗಿಳಿಯುತ್ತದೆ. ಈ ಅನುಭವ ಮೊದಲು ಮೈದಾನದಲ್ಲಿ ಆಗಬೇಕು.

ಕಾನೂನಿನ ವಿಷಯದಲ್ಲಿ ನನಗೆ ಸರ್ಕಾರದ ಮೇಲೆಯೂ ಒಂದು ದೂರಿದೆ. 1988ರ ಮೋಟಾರು ವಾಹನ ಕಾಯ್ದೆಯ 2(27)ನೇ ಕಲಮು ಮೋಟಾರ್ ಸೈಕಲ್ಲನ್ನು ವಿವರಿಸುವಾಗಲೇ ಕಳಚಬಹುದಾದ ಸೈಡ್‌ಕಾರನ್ನೂ ಒಳಗೊಂಡಿದೆ. ವಾಹನ ನೋಂದಣಿಯ ಸರ್ಕಾರಿ ‘ವಾಹನ್’ ದಾಖಲೆಗಳಲ್ಲಿ ಸೈಡ್‌ಕಾರ್ ಸಹಿತ ಮೋಟಾರ್ ಸೈಕಲ್ಲಿಗೆ ಬೇರೆ ವರ್ಗವೇ ಇದೆ. ಆದರೆ ಅದೇ ಕಾಯ್ದೆಯ 52ನೇ ಕಲಮು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಈ ಎರಡರ ನಡುವೆ ಸಿಕ್ಕಿಕೊಂಡ ಸಾಮಾನ್ಯ ಮನುಷ್ಯ ಆರ್‌ಟಿಒ ಕಚೇರಿಗೆ ಹೋಗದೆ ಸುಮ್ಮನೆ ಜೋಡಿಸಿಕೊಳ್ಳುತ್ತಾನೆ, ಅಪಘಾತವಾದ ದಿನ ವಿಮೆಯವರು ಆರ್‌ಸಿಯಲ್ಲಿ ಇದಿಲ್ಲವೆಂದು ಕೈಚೆಲ್ಲಿದರೆ ಅವನಿಗೆ ಉತ್ತರವಿರುವುದಿಲ್ಲ. ಆದ್ದರಿಂದ ಕೆಲಸ ಆರಂಭಿಸುವ ಮುನ್ನವೇ ಆರ್‌ಟಿಒ ಮತ್ತು ವಿಮಾ ಕಂಪನಿ ಎರಡನ್ನೂ ಲಿಖಿತವಾಗಿ ಕೇಳಿ. ಹೆಲ್ಮೆಟ್ ವಿಷಯದಲ್ಲಿ 129ನೇ ಕಲಮು ಮೊದಲು ಸೈಡ್‌ಕಾರಿನಲ್ಲಿ ಕೂತವರಿಗೆ ಕೊಟ್ಟಿದ್ದ ವಿನಾಯಿತಿ 2019ರ ತಿದ್ದುಪಡಿಯ ಪಠ್ಯದಲ್ಲಿಲ್ಲ. ನನ್ನ ತಾಯಿ ಹೆಲ್ಮೆಟ್ ಹಾಕಿಕೊಂಡೇ ಕೂರುತ್ತಾರೆ.

ಇಲಾಖೆ ನಿಜವಾಗಿ ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಸೈಡ್‌ಕಾರ್ ಜೋಡಿಸಿದ ಗಾಡಿಯನ್ನು ತಪಾಸಣೆಗೆ ಕರೆದು, ನಾಲ್ಕೂ ಬಿಗಿತಗಳನ್ನು, ಪಕ್ಕದ ಚಕ್ರದ ಬ್ರೇಕನ್ನು, ಭಾರ ಹಾಕಿದಾಗಿನ ಟೋ-ಇನ್ ಅಳತೆಯನ್ನು ನೋಡಿ, ಸರಿಯಿದ್ದರೆ ಆರ್‌ಸಿಯಲ್ಲಿ ನಮೂದಿಸಿಕೊಡಲಿ. ಜೊತೆಗೆ ದೀಪಗಳನ್ನೂ ನೋಡಲಿ. ಸೈಡ್‌ಕಾರಿನ ಹೊರ ಅಂಚಿನಲ್ಲಿ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಎಡ ಇಂಡಿಕೇಟರ್ ಇಲ್ಲದಿದ್ದರೆ, ಕತ್ತಲಲ್ಲಿ ಹಿಂದಿನಿಂದ ಬರುವ ಚಾಲಕನಿಗೆ ಕಾಣುವುದು ಒಂದು ಬೈಕು ಮಾತ್ರ. ಅವನು ಎಡಗಡೆಯಿಂದ ನುಸುಳಲು ನೋಡುವ ಜಾಗದಲ್ಲಿಯೇ ನಮ್ಮವರು ಕೂತಿರುತ್ತಾರೆ.