ಎರಡು ಚಮಚ ಪುಡಿ ಸಾಕು

ಹೋದ ತಿಂಗಳು ಸುಮ್ನೆ ಕುತೂಹಲಕ್ಕೆ ಒಂದು ಕೆಲಸ ಮಾಡಿದೆ. ಒಗೆದು, ಒಣಗಿಸಿ, ಮಡಚಿ ಬೀರುವಿನಲ್ಲಿ ಇಟ್ಟಿದ್ದ ನಾಲ್ಕು ಟವೆಲ್ ತೆಗೆದು ಮತ್ತೆ ಮಷಿನ್ನಿಗೆ ಹಾಕಿದೆ. ಸೋಪಿನ ಪುಡಿ ಹಾಕಲಿಲ್ಲ, ಲಿಕ್ವಿಡ್ ಕೂಡ ಇಲ್ಲ. ಬರೀ ನೀರು. ಹತ್ತು ನಿಮಿಷ ಬಿಟ್ಟು ಗಾಜಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತೇನೆ, ಒಳಗೆ ನೊರೆ! ಒಂದೆರಡು ಗುಳ್ಳೆ ಆಗಿದ್ದರೆ ಸುಮ್ಮನಿರುತ್ತಿದ್ದೆ. ಅರ್ಧ ಗಾಜು ಮುಚ್ಚಿಹೋಗುವಷ್ಟು ನೊರೆ. ನೀರು ಬೂದಿ ಬಣ್ಣಕ್ಕೆ ತಿರುಗಿತ್ತು.

ನಾನೇ ಒಗೆದು, ಮೂಸಿ ನೋಡಿ, ಖುಷಿಯಿಂದ ಮಡಚಿಟ್ಟ ಟವೆಲ್ ಅವು. ಅಂದರೆ ಇಷ್ಟು ದಿನ ಕೊಳೆ ಹೋಗಲಿ ಅಂತ ಹಾಕಿದ ಪುಡಿಯೇ ಬಟ್ಟೆಯಲ್ಲಿ ಉಳಿದುಕೊಂಡಿತ್ತು. ಆ ಅಂಟಿಗೆ ಮತ್ತೆ ಕೊಳೆ ಕೂರುತ್ತಿತ್ತು. ಕೊಳೆ ಕಂಡಿತು ಅಂತ ನಾನು ಇನ್ನೊಂದು ಮುಚ್ಚಳ ಜಾಸ್ತಿ ಸುರಿಯುತ್ತಿದ್ದೆ. ಚೆನ್ನಾಗಿದೆ ಅಲ್ವಾ ಈ ವ್ಯಾಪಾರ?

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂದು ಏಳು ವರ್ಷವಾಯಿತು. ಇಷ್ಟು ವರ್ಷಕ್ಕೆ ನನಗೆ ಅನ್ನಿಸಿರುವುದು ಇಷ್ಟು: ಬಟ್ಟೆ ಹಾಕಿಕೊಂಡು ಹಾಳಾಗುವುದಕ್ಕಿಂತ ಒಗೆದು ಹಾಳಾಗುವುದೇ ಜಾಸ್ತಿ. ಪುಡಿ ಜಾಸ್ತಿ, ಬಿಸಿ ಜಾಸ್ತಿ, ಉಜ್ಜುವುದು ಜಾಸ್ತಿ, ಒಗೆಯುವ ಸಲವೂ ಜಾಸ್ತಿ. ಒಪ್ಪದವರು ಕಾಮೆಂಟಿನಲ್ಲಿ ಬೈಯಬಹುದು, ಆದರೆ ಮೊದಲು ಆ ಟವೆಲ್ ಪರೀಕ್ಷೆ ಮಾಡಿ ನೋಡಿ ಬನ್ನಿ.

ನೊರೆ ಬಂದರೇನೇ ಕೊಳೆ ಹೋಗುವುದು ಅನ್ನುವ ನಂಬಿಕೆ ನಮ್ಮೆಲ್ಲರ ತಲೆಯಲ್ಲಿ ಬೇರೂರಿಬಿಟ್ಟಿದೆ. ನಿಜವಾಗಿ ಕೊಳೆ ಎತ್ತುವುದು ನೊರೆಯಲ್ಲ. ಸೋಪಿನ ಒಂದೊಂದು ಅಣುವಿಗೂ ಎರಡು ತುದಿ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ. ಜಿಡ್ಡಿನ ಕಡೆಯ ತುದಿ ಕೊಳೆಯನ್ನು ಕಚ್ಚಿಕೊಳ್ಳುತ್ತದೆ, ನೀರಿನ ಕಡೆಯ ತುದಿ ಹೊರಗೆ ಮುಖ ಮಾಡಿಕೊಂಡಿರುತ್ತದೆ. ನೀರು ಹೊರಟಾಗ ಕೊಳೆಯನ್ನು ಹೊತ್ತುಕೊಂಡು ಹೋಗುತ್ತದೆ. ಇದ್ದ ಕೊಳೆಗೆಲ್ಲ ಅಣುಗಳು ಸಿಕ್ಕಿದ ಮೇಲೆ ಮಿಕ್ಕಿದ ಸೋಪಿಗೆ ಕೆಲಸವೇ ಇಲ್ಲ. ಫ್ರಂಟ್ ಲೋಡ್ ಮಷಿನ್ನಿನಲ್ಲಂತೂ ನೊರೆ ಜಾಸ್ತಿಯಾದಷ್ಟೂ ಕೆಲಸ ಕೆಡುತ್ತದೆ. ಅಲ್ಲಿ ಬಟ್ಟೆ ಮೇಲಿಂದ ದಬಕ್ಕನೆ ಬಿದ್ದು ಒಂದಕ್ಕೊಂದು ತಿಕ್ಕಿಕೊಳ್ಳಬೇಕು. ನೊರೆ ತುಂಬಿದರೆ ಹತ್ತಿಯ ಹಾಸಿಗೆ ಮೇಲೆ ಬಿದ್ದ ಹಾಗೆ ಮೆತ್ತಗೆ ಬೀಳುತ್ತದೆ. ಮಷಿನ್ ಜಾಲಿಸುವುದೂ ಅಳತೆಯ ನೀರಿನಲ್ಲಿ. ಅಷ್ಟು ನೀರಿಗೆ ಅಷ್ಟು ಸೋಪು ಹೋಗುವುದಿಲ್ಲ.

ಸಾಧಾರಣ ಕೊಳೆಯ ಒಂದು ಲೋಡಿಗೆ ಈಗ ನಾನು ಹಾಕುವುದು ಎರಡು ದೊಡ್ಡ ಚಮಚ. ನೀರು ಗಡಸಾಗಿದ್ದರೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಅದು ಬೇರೆ ಮಾತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಶಕ್ತಿಯನ್ನು ನುಂಗುತ್ತವೆ. ಬಾರ್ ಸೋಪಾದರೆ ಅವುಗಳ ಜೊತೆ ಸೇರಿ ಬೆಳ್ಳಗಿನ ಅಂಟಾಗಿ ಬಟ್ಟೆಗೇ ಮೆತ್ತಿಕೊಳ್ಳುತ್ತದೆ. ಬಕೆಟ್ಟಿನ ಒಳಗೋಡೆಯಲ್ಲಿ ಕೂರುವ ಪೊರೆ ಅದೇ.

ಫ್ಯಾಬ್ರಿಕ್ ಕಂಡೀಷನರ್ ಬಗ್ಗೆ ನನಗೆ ಸಿಟ್ಟೇ ಇದೆ. ಮೂರು ವರ್ಷ ಟವೆಲ್ಲಿಗೆ ಸುರಿದಿದ್ದೇನೆ. ಕೈಗೆ ಮೃದು, ಮೂಗಿಗೆ ಪರಿಮಳ. ಆದರೆ ಸ್ನಾನ ಮಾಡಿ ಒರೆಸಿಕೊಂಡರೆ ನೀರು ಮೈಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುತ್ತಿತ್ತೇ ಹೊರತು ಟವೆಲ್ಲಿಗೆ ಇಳಿಯುತ್ತಿರಲಿಲ್ಲ. ಒಂದು ದಿನ ಟವೆಲ್ ಹಾಸಿ ಒಂದು ಹನಿ ನೀರು ಬಿಟ್ಟೆ. ಅದು ಮಣಿಯ ಹಾಗೆ ಗುಂಡಗೆ ಕೂತುಬಿಟ್ಟಿತು! ಕಂಡೀಷನರ್ ಮಾಡುವುದು ಎಳೆಗಳ ಮೇಲೆ ತೆಳ್ಳಗೆ ಒಂದು ಜಿಡ್ಡಿನಂಥ ಪದರ ಹಚ್ಚುವ ಕೆಲಸ. ಮೃದು ಅನ್ನಿಸುವುದು ಆ ಪದರವೇ. ನೀರು ಹೀರದ ಟವೆಲ್ ಯಾರಿಗೆ ಬೇಕು? ಆಟದ ಬಟ್ಟೆಗೂ ಇದು ಆಗಿಬರುವುದಿಲ್ಲ, ಬೆವರು ಹೀರುವ ಗುಣವೇ ಹೋಗುತ್ತದೆ. ಟವೆಲ್ ಮೃದುವಾಗಿರಬೇಕು ಅಂದರೆ ಒಣಹಾಕುವ ಮುಂಚೆ ನಾಲ್ಕು ಸಲ ಜೋರಾಗಿ ಝಾಡಿಸಿ. ಮಲಗಿದ ಎಳೆಗಳು ಎದ್ದು ನಿಲ್ಲುತ್ತವೆ. ಖರ್ಚೂ ಇಲ್ಲ.

ಇಲ್ಲೇ ಇನ್ನೊಂದು ಮಾತು. ವಿನೆಗರ್, ಅಡುಗೆ ಸೋಡಾ ಎರಡನ್ನೂ ಒಟ್ಟಿಗೆ ಹಾಕಿ ಬುಸ್ಸೆಂದು ಉಕ್ಕಿಸಿ "ಮ್ಯಾಜಿಕ್" ಅನ್ನುವ ವಿಡಿಯೋಗಳನ್ನು ದಯವಿಟ್ಟು ನನಗೆ ಕಳಿಸಬೇಡಿ. ಒಂದು ಹುಳಿ, ಇನ್ನೊಂದು ಕ್ಷಾರ. ಸೇರಿದರೆ ಒಂದರ ಬಲವನ್ನು ಇನ್ನೊಂದು ಕೊಲ್ಲುತ್ತದೆ. ಉಕ್ಕುವುದು ಬರೀ ಗಾಳಿ, ಉಳಿಯುವುದು ಉಪ್ಪುನೀರಿನಂಥದ್ದು.

ಇನ್ನು ವಾಸನೆ. ಒಗೆದ ಬಟ್ಟೆಯೂ ಕೆಲವೊಮ್ಮೆ ಮುಗ್ಗಲು ನಾರುತ್ತದೆ, ಅದರಲ್ಲೂ ಮನೆಯೊಳಗೆ ನಿಧಾನವಾಗಿ ಒಣಗಿದ್ದು. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಯಾವುದು ಅಂತ 2012ರಲ್ಲಿ ಜಪಾನಿನ ಸಂಶೋಧಕರು ಹುಡುಕಿದರು. ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಅಂತ ಅದರ ಹೆಸರು. ಬಟ್ಟೆಯಲ್ಲಿ ಉಳಿದ ಬೆವರು, ಮೈಯ ಜಿಡ್ಡು ತಿಂದು ನಾರುವ ಒಂದು ಆಮ್ಲವನ್ನು ಬಿಡುತ್ತದೆ. ಒಣಗಿದರೂ ಸುಲಭಕ್ಕೆ ಸಾಯುವ ಜಾತಿಯಲ್ಲ. ಅದಕ್ಕೇ ಬೀರುವಿನಲ್ಲಿ ಇದ್ದಾಗ ಸುಮ್ಮನಿದ್ದ ಟವೆಲ್ ನೀರು ತಾಗಿದ ಕೂಡಲೇ ನಾರುವುದು. ಇದರ ಮೇಲೆ ಪರಿಮಳ ಸುರಿದು ಪ್ರಯೋಜನವಿಲ್ಲ. ಬಟ್ಟೆ ತಡೆಯುವುದಾದರೆ ಒಂದು ಸಲ 60 ಡಿಗ್ರಿ ಬಿಸಿಯಲ್ಲಿ ಒಗೆಯಬೇಕು, ಆಮೇಲೆ ಬೇಗ ಒಣಗಿಸಬೇಕು. ಮಷಿನ್ ಮುಗಿದ ಮೇಲೆ ಬಟ್ಟೆಯನ್ನು ಗಂಟೆಗಟ್ಟಲೆ ಒಳಗೇ ಬಿಡುವುದು ಈ ಬ್ಯಾಕ್ಟೀರಿಯಾಕ್ಕೆ ಹಬ್ಬ. ಮಷಿನ್ ಬಾಗಿಲಿನ ರಬ್ಬರ್ ಮಡಿಕೆಯನ್ನು ಒಂದು ಸಲ ಬೆರಳು ಹಾಕಿ ಬಿಡಿಸಿ ನೋಡಿ. ನಾನು ನೋಡಿದ ದಿನ ಅಲ್ಲಿ ಒಂದು ಕಾಲುಚೀಲ, ಎರಡು ಗುಂಡಿ, ಮತ್ತೆ ಹೆಸರು ಹೇಳಲಾಗದ ಕಪ್ಪು ಲೋಳೆ ಸಿಕ್ಕಿತು.

ಎಷ್ಟು ಸಲ ಒಗೆಯಬೇಕು ಅನ್ನುವ ವಿಷಯಕ್ಕೆ ಬಂದರೆ ಜಗಳವೇ ಶುರುವಾಗುತ್ತದೆ. ಒಳಉಡುಪು, ಕಾಲುಚೀಲ, ಬೆವರು ಹಿಡಿದ ಬನಿಯನ್ ಪ್ರತಿಸಲವೂ ಒಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀನ್ಸ್? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಒಬ್ಬ ವಿದ್ಯಾರ್ಥಿ ಒಂದೇ ಜೀನ್ಸನ್ನು 15 ತಿಂಗಳು ಒಗೆಯದೆ ಹಾಕಿಕೊಂಡ. ಅದರಲ್ಲಿದ್ದ ಬ್ಯಾಕ್ಟೀರಿಯಾ ಎಣಿಸಿದರು. ಆಮೇಲೆ ಒಗೆದು, 13 ದಿನ ಹಾಕಿಕೊಂಡ ಮೇಲೆ ಮತ್ತೆ ಎಣಿಸಿದರು. ಎರಡೂ ಲೆಕ್ಕ ಹೆಚ್ಚು ಕಡಿಮೆ ಒಂದೇ! ನೀವೂ 15 ತಿಂಗಳು ಬಿಡಿ ಅಂತ ನಾನು ಹೇಳುತ್ತಿಲ್ಲ, ಮನೆಯವರು ಹೊರಗೆ ಹಾಕುತ್ತಾರೆ. ಎರಡು ಗಂಟೆ ಹಾಕಿ ತೆಗೆದ ಪ್ಯಾಂಟನ್ನು ಕೊಳೆಬುಟ್ಟಿಗೆ ಎಸೆಯಬೇಡಿ ಅನ್ನುತ್ತಿದ್ದೇನೆ, ಅಷ್ಟೇ. ಜೀನ್ಸಿನ ನೀಲಿ ಬಣ್ಣ ನೂಲಿನ ಒಳತಿರುಳಿಗೆ ಇಳಿದಿರುವುದಿಲ್ಲ, ಮೇಲ್ಮೈಯಲ್ಲೇ ಕೂತಿರುತ್ತದೆ. ಪ್ರತಿ ಒಗೆತಕ್ಕೂ ಒಂದಿಷ್ಟು ಉದುರುತ್ತದೆ. ಒಳಭಾಗ ಹೊರಗೆ ಮಾಡಿ, ಜಿಪ್ ಎಳೆದು, ತಣ್ಣೀರಿನಲ್ಲಿ ಒಗೆದರೆ ಎಷ್ಟೋ ವಾಸಿ. ನಾನೀಗ ಹೆಚ್ಚಿನ ಬಟ್ಟೆಗಳನ್ನು ಸಂಜೆ ಕುರ್ಚಿ ಬೆನ್ನಿಗೆ ಗಾಳಿಯಾಡಲು ಹಾಕುತ್ತೇನೆ. ಬೆಳಗ್ಗೆ ಕಂಕುಳ ಜಾಗ ಮೂಸುತ್ತೇನೆ. ನೋಡುವವರಿಗೆ ನಗು, ಆದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಈಗ ನನ್ನ ದೊಡ್ಡ ಅಪರಾಧ. ಅಕ್ಕನ ಉಣ್ಣೆ ಸ್ವೆಟರ್. ಒಳ್ಳೆಯ ತಮ್ಮ ಅನ್ನಿಸಿಕೊಳ್ಳೋಣ ಅಂತ ಅವಳು ಕೇಳದಿದ್ದರೂ ಒಗೆಯಲು ತೆಗೆದುಕೊಂಡೆ. ಬಿಸಿನೀರು, ಪೂರ್ತಿ ಒಂದೂವರೆ ಗಂಟೆಯ ಪ್ರೋಗ್ರಾಂ, ಜೋರು ಸ್ಪಿನ್. ಹೊರಗೆ ತೆಗೆದಾಗ ಐದು ವರ್ಷದ ಮಗುವಿಗೆ ಆಗುವಷ್ಟಾಗಿತ್ತು. ದಪ್ಪ ರಟ್ಟಿನ ಹಾಗೆ, ತೋಳುಗಳು ನೆಟ್ಟಗೆ ನಿಂತಿದ್ದವು. ಅಕ್ಕ ಎರಡೂ ತೋಳು ಹಿಡಿದು ಎತ್ತಿ ನೋಡಿದಳು. "ಇದನ್ನ ಒಗೆದ್ಯೋ, ಬೇಯಿಸಿದ್ಯೋ?" ಅಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರಗಳಿರುತ್ತವೆ. ಬಿಸಿನೀರು, ಸೋಪು, ಅಲುಗಾಟ ಮೂರೂ ಸೇರಿದರೆ ಹುರುಪೆಗಳು ತೆರೆದು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಎಳೆಗಳು ಒಂದೇ ದಿಕ್ಕಿಗೆ ಸರಿಯುತ್ತವೆ, ಹಿಂದಕ್ಕೆ ಬರುವುದಿಲ್ಲ. ಬಿಗಿಯಾದದ್ದು ಬಿಗಿಯೇ. ಆಮೇಲೆ ಕಂಡೀಷನರಿನಲ್ಲಿ ನೆನೆಹಾಕಿ ಎಳೆದದ್ದೂ ಆಯಿತು, ಒಂದು ಬೆರಳಗಲವೂ ಬಿಡಲಿಲ್ಲ. ಉಣ್ಣೆಗೆ ಬೇಕಾದದ್ದು ತಣ್ಣಗಿನ ನೀರು, ಉಣ್ಣೆಗೆಂದೇ ಮಾಡಿದ ಲಿಕ್ವಿಡ್, ಐದು ನಿಮಿಷ ಮೆತ್ತಗೆ ಅದುಮುವುದು. ಹಿಂಡಬಾರದು. ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿದರೆ ನೀರು ಅದಕ್ಕೆ ಇಳಿಯುತ್ತದೆ. ಆಮೇಲೆ ಚಪ್ಪಟೆಯಾಗಿ ಹರಡಿ ಒಣಗಿಸಬೇಕು. ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗಿ ಜೋತುಬೀಳುತ್ತದೆ. ಹ್ಯಾಂಗರಿಗೂ ಹಾಕಬಾರದು, ಭುಜದಲ್ಲಿ ಕೊಂಬು ಮೂಡುತ್ತದೆ.

ಬಟ್ಟೆ ಬಟ್ಟೆಗೂ ಸ್ವಭಾವ ಬೇರೆ ಅನ್ನುವುದು ಆವತ್ತು ತಲೆಗೆ ಹೋಯಿತು. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ, ಅದಕ್ಕೇ ಕಲ್ಲಿಗೆ ಬಡಿದರೂ ತಡೆದುಕೊಳ್ಳುತ್ತದೆ. ರೇಯಾನ್ ಇದಕ್ಕೆ ಪೂರ್ತಿ ಉಲ್ಟಾ. ಒದ್ದೆಯಾದರೆ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಆ ಸಮಯದಲ್ಲಿ ತಿರುಚಿ ಹಿಂಡಿದಿರೋ, ಹೊಲಿಗೆಯ ಹತ್ತಿರ ಎಳೆ ಬಿಟ್ಟಿತು ಅಂತಲೇ. ಪಾಲಿಯೆಸ್ಟರ್ ಗಟ್ಟಿ, ಆದರೆ ಅದಕ್ಕೆ ಜಿಡ್ಡು ಕಂಡರೆ ಪ್ರೀತಿ. ಬೆವರಿನ ಜಿಡ್ಡು ಅದರಲ್ಲಿ ಸಿಕ್ಕಿಕೊಂಡು ವಾಸನೆ ಬಿಡುವುದೇ ಇಲ್ಲ.

ಕಾಲರ್ ಬಗ್ಗೆ ಹೇಳದಿದ್ದರೆ ಹೇಗೆ. ಅಂಗಿಯ ಬೇರೆಲ್ಲ ಭಾಗ ಹೊಸದರ ಹಾಗಿದ್ದು ಕಾಲರಿನ ಮಡಿಕೆ ಮಾತ್ರ ಪಿಸಿದುಹೋಗಿದ್ದರೆ ಬ್ರಷ್ಷನ್ನೇ ಅನುಮಾನಿಸಿ. ಅಲ್ಲಿ ಕೂತಿರುವುದು ಕತ್ತಿನ ಜಿಡ್ಡು. ಅದಕ್ಕೆ ಬೇಕಿರುವುದು ಸಮಯ. ಒದ್ದೆ ಮಾಡಿ, ಎರಡು ಹನಿ ಲಿಕ್ವಿಡ್ ಬೆರಳಲ್ಲಿ ಸವರಿ ಅರ್ಧ ಗಂಟೆ ಬಿಟ್ಟರೆ ಬ್ರಷ್ ಬೇಕಾಗುವುದೇ ಇಲ್ಲ. ಎಣ್ಣೆ ಕಲೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಒಣಬಟ್ಟೆಯ ಮೇಲೆಯೇ. ರಕ್ತಕ್ಕೆ ತಣ್ಣೀರು ಮಾತ್ರ. ಬಿಸಿನೀರು ಹಾಕಿದರೆ ಅದರಲ್ಲಿರುವ ಪ್ರೋಟೀನ್ ಬೆಂದು ಎಳೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಏನು ಮಾಡಿದರೂ ಕಂದು ಗುರುತು ಉಳಿಯುತ್ತದೆ.

ಈ ಪ್ರೋಟೀನ್ ಕಲೆ ಕತ್ತರಿಸುವ ಎನ್‌ಜೈಮ್ ಹೊಸ ಜಾಹೀರಾತಿನ ಸರಕು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಜರ್ಮನಿಯ ರಸಾಯನ ವಿಜ್ಞಾನಿ ಓಟ್ಟೊ ರೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಎನ್‌ಜೈಮನ್ನು ಬಟ್ಟೆ ಒಗೆಯಲು ಬಳಸುವುದಕ್ಕೆ ಪೇಟೆಂಟ್ ಪಡೆದಿದ್ದ. ನಮ್ಮ ಹೊಟ್ಟೆ ಊಟ ಕರಗಿಸುವ ಉಪಾಯವೇ ಅಂಗಿಗೂ. ಆದರೆ ಉಣ್ಣೆ, ರೇಷ್ಮೆ ಎರಡೂ ಸ್ವತಃ ಪ್ರೋಟೀನ್. ಎನ್‌ಜೈಮ್ ಇರುವ ಪುಡಿ ಕಲೆಯ ಜೊತೆ ಬಟ್ಟೆಯನ್ನೂ ಮೆಲ್ಲಗೆ ತಿನ್ನುತ್ತದೆ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ.

ಕ್ಲೋರಿನ್ ಬ್ಲೀಚ್ ಇವೆರಡಕ್ಕೂ ವಿಷ. ಮನುಷ್ಯರಿಗೂ ಹೌದು, ಇನ್ನೊಂದರ ಜೊತೆ ಬೆರೆಸಿದರೆ. ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಸೇರಿದರೆ ಅಷ್ಟೇ ಅಪಾಯದ ಬೇರೆ ಅನಿಲ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಈ ಪ್ರಯೋಗ ಮಾಡಲೇಬೇಡಿ.

ಬಣ್ಣ ಬಿಡುವ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವವರು ಬಹಳ. ನಾನೂ ಹಿಡಿಗಟ್ಟಲೆ ಉಪ್ಪು ಹಾಕಿದ್ದೇನೆ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸವಿದೆ, ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ. ಸರಿಯಾಗಿ ಹಿಡಿಯದ ಬಣ್ಣವನ್ನು ಆಮೇಲೆ ಮನೆಯಲ್ಲಿ ಹಿಡಿಸುವ ಶಕ್ತಿ ಅದಕ್ಕಿಲ್ಲ. ಹೊಸ ಬಟ್ಟೆಯನ್ನು ಮೊದಲ ಮೂರ್ನಾಲ್ಕು ಸಲ ಒಂಟಿಯಾಗಿ ಒಗೆಯುವುದೇ ದಾರಿ. ಕೆಂಪು ಕಾಲುಚೀಲವನ್ನು ಬಿಳಿ ಬನಿಯನ್ನುಗಳ ಜೊತೆ ಹಾಕಿ ಗುಲಾಬಿ ಬನಿಯನ್ನಿನಲ್ಲಿ ವರ್ಷ ಕಳೆದವನ ಮಾತಿದು.

ಬಿಸಿಲು ಒಳ್ಳೆಯದು. ಬ್ಯಾಕ್ಟೀರಿಯಾ ಕಡಿಮೆ ಮಾಡುತ್ತದೆ, ಬಿಳಿಯನ್ನು ಇನ್ನೂ ಬಿಳಿ ಮಾಡುತ್ತದೆ. ಬಿಸಿಲಲ್ಲಿ ಒಣಗಿದ ಬಟ್ಟೆಗೆ ಒಂದು ವಾಸನೆ ಬರುತ್ತದಲ್ಲ, ಅದರ ಬಗ್ಗೆಯೂ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಟವೆಲ್ ಒಣಹಾಕಿ ಸಂಶೋಧನೆ ಮಾಡಿದ್ದಾರೆ. ಬಿಸಿಲಿಗೆ ಒದ್ದೆ ಬಟ್ಟೆಯಲ್ಲಿ ಹೊಸ ಪರಿಮಳದ ರಾಸಾಯನಿಕಗಳೇ ಹುಟ್ಟುತ್ತವಂತೆ. 2020ರಲ್ಲಿ ಆ ಪ್ರಬಂಧ ಬಂದಾಗ ಯಾರೋ ನನ್ನ ಮೂಗಿಗೆ ಸರ್ಟಿಫಿಕೇಟ್ ಕೊಟ್ಟಷ್ಟು ಖುಷಿಯಾಯಿತು. ಆದರೆ ಅದೇ ಬಿಸಿಲು ಬಣ್ಣವನ್ನೂ ತಿನ್ನುತ್ತದೆ. ಬಣ್ಣದ್ದನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ, ಗಾಳಿ ಇರುವ ಕಡೆ ಹಾಕುತ್ತೇನೆ.

ಇಸ್ತ್ರಿಯ ವಿಷಯ ಚಿಕ್ಕದು. ಕಾಲರಿನ ಒಳಗಿನ ಲೇಬಲ್ಲಿನಲ್ಲಿ ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗೆ ಚುಕ್ಕೆ ಇರುತ್ತದೆ. ಒಂದಿದ್ದರೆ ಸುಮಾರು 110 ಡಿಗ್ರಿ, ಎರಡಿದ್ದರೆ ಸುಮಾರು 150, ಮೂರಿದ್ದರೆ ಸುಮಾರು 200. ಅದಕ್ಕಿಂತ ಮೇಲೆ ಹೋಗಬಾರದು. ನೀರಿನ ತೊಟ್ಟಿಯ ಚಿತ್ರದಲ್ಲಿರುವ ಅಂಕಿ ಒಗೆಯುವ ನೀರಿನ ಗರಿಷ್ಠ ಬಿಸಿ, ಅಷ್ಟರಲ್ಲೇ ಒಗೆಯಬೇಕು ಅಂತಲ್ಲ. ತೊಟ್ಟಿಯ ಕೆಳಗೆ ಗೀಟಿದ್ದರೆ ಮೆತ್ತಗೆ ಒಗೆಯಿರಿ ಅಂತ. ಚುಚ್ಚುತ್ತದೆ ಅಂತ ಆ ಲೇಬಲ್ ಕತ್ತರಿಸಿ ಎಸೆಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಈಗ ಕತ್ತರಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುತ್ತೇನೆ.

ಟವೆಲ್ಲುಗಳ ಕಥೆ ಮುಗಿಯಿತು. ಮೂರು ಸಲ ಬರೀ ನೀರಿನಲ್ಲಿ ತಿರುಗಿಸಿದ ಮೇಲೆ ನೊರೆ ನಿಂತಿತು. ಈಗ ನೀರು ಹೀರುತ್ತವೆ, ಸ್ವಲ್ಪ ಒರಟು. ಇನ್ನು ಆ ಸ್ವೆಟರ್. ಹಾಗೆ ಬಿಗಿದ ಉಣ್ಣೆಯನ್ನು ಕತ್ತರಿಸಿದರೂ ನೂಲು ಬಿಚ್ಚಿಕೊಳ್ಳುವುದಿಲ್ಲ. ಅಕ್ಕ ಅದರ ಮೈಭಾಗ ಕತ್ತರಿಸಿ, ಎರಡು ಕಡೆ ಹೊಲಿದು ಲ್ಯಾಪ್‌ಟಾಪಿಗೆ ಚೀಲ ಮಾಡಿಕೊಂಡಳು. ದಿನಾ ಅದನ್ನೇ ಹಿಡಿದುಕೊಂಡು ಹೋಗುತ್ತಾಳೆ. ಆದರೆ ಅವಳ ಉಣ್ಣೆ ಬಟ್ಟೆ ಇಂದಿಗೂ ನನ್ನ ಬುಟ್ಟಿಗೆ ಬಿದ್ದಿಲ್ಲ.